ನೆಲದಿಂದ ಏಳುವ ವಿದ್ಯೆ

ಕಳೆದ ಮಾಘ ಮಾಸದಲ್ಲಿ ಕೆಂಗೇರಿ ಉಪನಗರದಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗನ ಹೊಸ ಮನೆಯ ಗೃಹಪ್ರವೇಶವಿತ್ತು. 2021ರ ಆಗಸ್ಟ್ ತಿಂಗಳಲ್ಲಿ ಮೆಟ್ರೋ ಕೆಂಗೇರಿಯವರೆಗೆ ಬಂದಂದಿನಿಂದ ಬಸವೇಶ್ವರನಗರ, ವಿಜಯನಗರದ ನಮ್ಮಂಥವರಿಗೆ ಅದು ದೂರದ ಊರಾಗಿ ಉಳಿದಿಲ್ಲ. ವಿಜಯನಗರದ ನಿಲ್ದಾಣದಲ್ಲಿ ಹತ್ತಿ ಕುಳಿತರೆ ಒಂದು ಹರಟೆ ಮುಗಿಯುವಷ್ಟರಲ್ಲಿ ಇಳಿಯಬಹುದು. ಮನೆಯ ಹುಡುಗರಿಗೆ ಹಳೆಯ ಕಾಲದಂತೆ ನೆಲದ ಮೇಲೆ ಎಲೆ ಹಾಕಿಸಿ ಪಂಕ್ತಿ ಊಟ ಬಡಿಸಬೇಕೆಂಬ ಆಸೆ. ನಮಗೂ ಸಂತೋಷವೇ. ಚಾಪೆ ಹಾಸಿದರು, ಎಲೆ ಹಾಕಿದರು, ಕೋಸಂಬರಿಯಿಂದ ಮೊಸರನ್ನದವರೆಗೆ ಎಲ್ಲವೂ ಸಾಂಗವಾಗಿ ನೆರವೇರಿತು. ಎಲ್ಲರೂ ಎದ್ದರು. ನಾನು ಏಳಲಾಗಲಿಲ್ಲ.

ಕಾಲು ಜೋಮು ಹಿಡಿದಿರಬೇಕೆಂದು ನಗುತ್ತಾ ಸ್ವಲ್ಪ ಹೊತ್ತು ಕುಳಿತೇ ಇದ್ದೆ. ಜೋಮು ಇಳಿಯಿತು, ಆದರೂ ಏಳಲಾಗಲಿಲ್ಲ. ಒಂದು ಕೈ ಎಂಜಲು. ಇನ್ನೊಂದು ಕೈಯನ್ನು ನೆಲಕ್ಕೆ ಊರಿದರೂ ಮೈ ಮೇಲೇಳಲೊಲ್ಲದು. ಕೊನೆಗೆ ಇಬ್ಬರು ಹುಡುಗರು ಎರಡು ತೋಳುಗಳನ್ನು ಹಿಡಿದು, ಬಾವಿಯಿಂದ ಕೊಡ ಎತ್ತಿದಂತೆ ನನ್ನನ್ನು ಎತ್ತಿ ನಿಲ್ಲಿಸಿದರು. ಎದುರು ಸಾಲಿನಲ್ಲಿ ಕುಳಿತಿದ್ದ ನಮ್ಮ ಸೋದರತ್ತೆ, ಎಂಬತ್ತಾರು ವರ್ಷದ ವೃದ್ಧೆ, ಅಷ್ಟರಲ್ಲಾಗಲೇ ಮಂಡಿಯ ಮೇಲೆ ಒಂದು ಕೈಯಿಟ್ಟು ಎದ್ದು, ಕೈ ತೊಳೆದು, ಎಲೆಯಡಿಕೆಗೆ ಬಂದಿದ್ದರು.

"ಏನೇ ಇದು, ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವಳು ನೀನು! ಮೇಡಮ್ಮನವರಿಗೆ ಕುರ್ಚಿ ಹಾಕಿಸ್ಬೇಕಿತ್ತು ಕಣ್ರೋ" ಎಂದರು ಅತ್ತೆ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಅನಂತರ ನಡೆದ ಚರ್ಚೆ ಇಂಥ ಕಡೆಗಳಲ್ಲೆಲ್ಲ ನಡೆಯುವಂಥದೇ. ಹಿಂದಿನವರ ಮೈ ಕಬ್ಬಿಣ, ರಾಗಿ ತಿಂದ ದೇಹ, ಬೀಸಿದ್ದೇನು, ಕುಟ್ಟಿದ್ದೇನು, ನೀರು ಸೇದಿದ್ದೇನು, ಈಗಿನವರಿಗೆ ಮಿಕ್ಸಿ ಬಂತು, ಮೈ ಕೆಟ್ಟಿತು. ಎಲ್ಲರೂ ತಲೆದೂಗಿದರು. ಮೆಟ್ರೋದಲ್ಲಿ ಹಿಂದಿರುಗುವಾಗ ನನಗೆ ಮಾತ್ರ ಆ ಮಾತು ಸಂಪೂರ್ಣವಾಗಿ ಒಪ್ಪಿಗೆಯಾಗಲಿಲ್ಲ. ಈ ಲೇಖನ ಬರೆಯಲು ಕಾರಣ ಅದೇ.

ಮೊದಲಿಗೆ ನನಗಾದದ್ದೇನೆಂಬುದನ್ನು ಹೇಳುತ್ತೇನೆ. ಬ್ರೆಜಿಲ್ ದೇಶದ ವೈದ್ಯ ಕ್ಲಾಡಿಯೊ ಅರಾವ್ಜೊ ಮತ್ತು ಅವರ ಸಂಗಡಿಗರು ಒಂದು ಸರಳವಾದ ಪರೀಕ್ಷೆಯನ್ನು ರೂಪಿಸಿದ್ದಾರೆ. ನಿಂತವರು ನೆಲದ ಮೇಲೆ ಕುಳಿತುಕೊಳ್ಳಬೇಕು, ಮತ್ತೆ ಎದ್ದು ನಿಲ್ಲಬೇಕು. ಕೂರುವುದಕ್ಕೆ ಐದು ಅಂಕ, ಏಳುವುದಕ್ಕೆ ಐದು ಅಂಕ. ಕೈ, ಮಂಡಿ ಯಾವುದನ್ನು ಆಸರೆಯಾಗಿ ಬಳಸಿದರೂ ಒಂದೊಂದು ಅಂಕ ಕಳೆಯುತ್ತದೆ. ತೂರಾಡಿದರೆ ಅರ್ಧ ಅಂಕ. 51ರಿಂದ 80 ವಯಸ್ಸಿನ 2002 ಜನರನ್ನು ಹೀಗೆ ಪರೀಕ್ಷಿಸಿ, ಸರಾಸರಿ ಆರು ವರ್ಷಗಳಿಗೂ ಮಿಕ್ಕಿ ಅವರನ್ನು ಗಮನಿಸುತ್ತಾ ಬಂದು, 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಂಟರ ಮೇಲೆ ಅಂಕ ಪಡೆದವರಿಗೆ ಹೋಲಿಸಿದರೆ ಮೂರು ಮತ್ತು ಅದಕ್ಕಿಂತ ಕಡಿಮೆ ಅಂಕದವರಲ್ಲಿ ಸಾವಿನ ಪ್ರಮಾಣ ಐದಾರು ಪಟ್ಟು ಹೆಚ್ಚಾಗಿತ್ತು. ನೆಲದಿಂದ ಏಳಲಾಗದಿರುವುದೇ ಸಾವಿಗೆ ಕಾರಣವೆಂದು ಇದರ ಅರ್ಥವಲ್ಲ. ಕಾಲಿನ ಬಲ, ಸಮತೋಲನ, ಕೀಲುಗಳ ಮೆದುತನ ಎಲ್ಲವೂ ಆ ಒಂದು ಕ್ರಿಯೆಯಲ್ಲಿ ಬಯಲಾಗುತ್ತವೆ, ಅಷ್ಟೆ. ಮೂವತ್ತನಾಲ್ಕು ವರ್ಷ ಅಂಕ ಹಾಕಿದ ಕೈ ಸುಮ್ಮನಿರುವುದೆ? ನನಗೆ ನಾನೇ ಅಂಕ ಕೊಟ್ಟುಕೊಂಡೆ. ಕೂರುವಾಗ ಒಂದು ಕೈ, ಒಂದು ಮಂಡಿ: ಮೂರು ಅಂಕ. ಏಳುವಾಗ ಇಬ್ಬರು ತರುಣರು: ಸೊನ್ನೆ. ಹತ್ತಕ್ಕೆ ಮೂರು. ಎಸ್.ಎಸ್.ಎಲ್.ಸಿ.ಯ ಲೆಕ್ಕದಲ್ಲಿ ಅನುತ್ತೀರ್ಣ.

ಇನ್ನು ಅತ್ತೆಯ ಕಬ್ಬಿಣದ ಮೈಯ ವಿಚಾರ. ಅವರು ನೆಲದಿಂದ ಎದ್ದರೆಂಬುದು ನಿಜ. ಹುಟ್ಟಿದಾಗಿನಿಂದ ನೆಲದ ಮೇಲೆ ಕುಳಿತು ಉಂಡು, ಈಳಿಗೆ ಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚಿ, ನೆಲದ ಒಲೆಯ ಮುಂದೆ ಕುಳಿತು ಬೇಯಿಸಿದವರು. ದಿನಕ್ಕೆ ಐವತ್ತು ಬಾರಿಯಾದರೂ ಕುಳಿತು ಎದ್ದಿರಬೇಕು. ಆ ಬಲ ಅವರಲ್ಲಿ ಉಳಿದಿದೆ. ಆದರೆ ಅವರ ಬೆನ್ನು ಬಿಲ್ಲಿನಂತೆ ಬಾಗಿರುವುದನ್ನು ಯಾರೂ ಚರ್ಚೆಯಲ್ಲಿ ಎತ್ತಲಿಲ್ಲ. ಒಲೆಯ ಹೊಗೆ ಕುಡಿದ ಅವರ ಕೆಮ್ಮಿನ ಮಾತೂ ಬರಲಿಲ್ಲ. ಅವರ ಓರಗೆಯ ಹೆಂಗಸರಲ್ಲಿ ಎಷ್ಟು ಮಂದಿ ಅರವತ್ತು ದಾಟಲಿಲ್ಲವೆಂಬುದನ್ನು ಅತ್ತೆಯೇ ಬೆರಳು ಮಡಚಿ ಎಣಿಸುತ್ತಾರೆ. ಬಾಣಂತನದ ತಿಂಗಳು ಮುಗಿಯುವ ಮೊದಲೇ ಒನಕೆ ಹಿಡಿದವರು, ತುಂಬಿದ ಹಂಡೆ ಎತ್ತಿ ಗರ್ಭಕೋಶ ಜಾರಿದ್ದನ್ನು ಯಾರಿಗೂ ಹೇಳದೆ ಬದುಕಿದವರು ನಮ್ಮ ಕುಟುಂಬದಲ್ಲೇ ಇದ್ದರು. ಬೀಸುವ ಕಲ್ಲನ್ನು ವ್ಯಾಯಾಮವೆಂದು ಹೊಗಳುವವರಲ್ಲಿ ಹೆಚ್ಚಿನವರು ಗಂಡಸರು. ಅವರಲ್ಲಿ ಒಬ್ಬರೂ ಒಂದು ಸೇರು ರಾಗಿ ಬೀಸಿದ್ದನ್ನು ನಾನು ಕಂಡಿಲ್ಲ.

ದುಡಿಮೆ ಬೇರೆ, ವ್ಯಾಯಾಮ ಬೇರೆ. ಈ ವ್ಯತ್ಯಾಸವನ್ನು ನನಗೆ ಮೊದಲು ಕಾಣಿಸಿದ್ದು ನಮ್ಮೂರಿನ ಗರಡಿಮನೆ.

ನಮ್ಮೂರು ಮಾಗಡಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಆಂಜನೇಯನ ಗುಡಿಯ ಮಗ್ಗುಲಿಗೆ ಗರಡಿಯಿತ್ತು. ಅದರ ಬಾಗಿಲು ಎಷ್ಟು ತಗ್ಗಾಗಿತ್ತೆಂದರೆ ಎಂಥ ಪೈಲ್ವಾನನಾದರೂ ತಲೆ ಬಾಗಿಸಿಯೇ ಒಳಹೊಗಬೇಕಿತ್ತು. ಒಳಗೆ ಜರಡಿ ಹಿಡಿದ ಕೆಮ್ಮಣ್ಣಿನ ಅಖಾಡ, ಗೋಡೆಗೆ ಒರಗಿಸಿದ ಮರದ ಗದೆಗಳು, ಮೂಲೆಯಲ್ಲಿ ಎತ್ತುವ ಕಲ್ಲುಗುಂಡು, ಗೂಡಿನಲ್ಲಿ ಹನುಮಂತನ ಪಟ, ಅದರ ಮುಂದೆ ಒಂದು ಎಣ್ಣೆಯ ದೀಪ. ನಮ್ಮ ಅಣ್ಣ ಹನ್ನೆರಡನೆಯ ವಯಸ್ಸಿಗೆ ಅಲ್ಲಿಗೆ ಸೇರಿದ. ಬೆಳಗಿನ ಜಾವ ಅವನಿಗೆ ಹಾಲಿನ ಚೊಂಬು ಕೊಟ್ಟು ಬರುವ ನೆಪದಲ್ಲಿ ನಾನು ಹೊಸ್ತಿಲ ಹೊರಗೆ ನಿಂತು ನೋಡುತ್ತಿದ್ದೆ. ಹೆಣ್ಣುಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ. ಹೊಸ್ತಿಲ ಆಚೆಯಿಂದ ನಾನು ಕಂಡದ್ದನ್ನು ಐವತ್ತೈದು ವರ್ಷಗಳ ಮೇಲೆ ಬರೆಯುತ್ತಿದ್ದೇನೆ.

ಗರಡಿಯೆಂದರೆ ಜನಕ್ಕೆ ಕುಸ್ತಿ ನೆನಪಾಗುತ್ತದೆ. ಅಣ್ಣ ಸೇರಿದ ಮೊದಲ ವರ್ಷ ಕುಸ್ತಿಯ ಹೆಸರೇ ಇಲ್ಲ. ಉಸ್ತಾದರು ಅವನಿಗೆ ಕೊಟ್ಟದ್ದು ಎರಡೇ ಕೆಲಸ: ದಂಡ ಮತ್ತು ಬಸ್ಕಿ. ದಂಡವೆಂದರೆ ಕೈ ಕಾಲುಗಳನ್ನು ನೆಲಕ್ಕೆ ಊರಿ, ಸೊಂಟವನ್ನು ಮೇಲೆತ್ತಿ, ಬೆಕ್ಕು ಬೇಲಿಯಡಿ ನುಸುಳುವಂತೆ ಎದೆಯನ್ನು ಕೈಗಳ ನಡುವೆ ಇಳಿಸಿ ಮುಂದಕ್ಕೆ ಎತ್ತುವುದು. ಬಸ್ಕಿಯೆಂದರೆ ಕುಳಿತು ಏಳುವುದು. ಮೊದಲ ವಾರ ದಂಡ ಐದು, ಬಸ್ಕಿ ಹತ್ತು. ಇನ್ನೂ ಮಾಡಬಲ್ಲೆನೆಂದು ಅಣ್ಣ ಹಟ ಹಿಡಿದರೆ ಉಸ್ತಾದರು "ನಾಳೆಗೂ ಸ್ವಲ್ಪ ಇಟ್ಕೊಳ್ಳೋ" ಎಂದು ಎಬ್ಬಿಸಿ ಕಳಿಸುತ್ತಿದ್ದರು. ವಾರಕ್ಕೊಂದು ಎರಡು ಹೆಚ್ಚಾಗುತ್ತಾ ಹೋಗಿ, ಎರಡು ವರ್ಷಗಳಲ್ಲಿ ಅವನು ನೂರು ದಂಡ, ಇನ್ನೂರು ಬಸ್ಕಿ ಹೊಡೆಯುತ್ತಿದ್ದ. ಜ್ವರ ಬಂದು ಎದ್ದವನು ಮತ್ತೆ ಹತ್ತರಿಂದ ಆರಂಭಿಸಬೇಕು; ಅಲ್ಲಿ ಯಾರಿಗೂ ರಿಯಾಯಿತಿಯಿಲ್ಲ, ಅವಮಾನವೂ ಇಲ್ಲ. ಅರವತ್ತು ದಾಟಿದ ಒಬ್ಬ ಗೌಡರು ಬರುತ್ತಿದ್ದರು. ಅವರು ಎಂದೂ ಕುಸ್ತಿ ಹಿಡಿದವರಲ್ಲ. ಹದಿನೈದು ದಂಡ ಹೊಡೆದು, ಒಂದು ಹಗುರವಾದ ಗದೆಯನ್ನು ಭುಜದ ಹಿಂದೆ ತಿರುಗಿಸಿ, ಮೈಗೆ ಎಣ್ಣೆ ತಿಕ್ಕಿಕೊಂಡು ಮನೆಗೆ ಹೋಗುತ್ತಿದ್ದರು. ಅಷ್ಟೇ. ಪ್ರತಿದಿನ ಅಷ್ಟೇ.

ಬಿ.ಎಡ್. ಓದುವಾಗ ಸರಳದಿಂದ ಸಂಕೀರ್ಣಕ್ಕೆ, ತಿಳಿದುದರಿಂದ ತಿಳಿಯದುದಕ್ಕೆ ಎಂಬ ಬೋಧನಾ ಸೂತ್ರಗಳನ್ನು ಬಾಯಿಪಾಠ ಮಾಡಿದೆವು. ನನಗೆ ಆಗ ಕಣ್ಣೆದುರು ಬರುತ್ತಿದ್ದದ್ದು ಆ ಉಸ್ತಾದರೇ. ಅವರಿಗೆ ಅಕ್ಷರ ಬರುತ್ತಿರಲಿಲ್ಲ.

ನಮ್ಮ ಆಯುರ್ವೇದ ಗ್ರಂಥಗಳೂ ಇದನ್ನೇ ಹೇಳುತ್ತವೆ. ಶಕ್ತಿಯಲ್ಲಿ ಅರ್ಧದಷ್ಟನ್ನು ಮಾತ್ರ ವ್ಯಾಯಾಮಕ್ಕೆ ವಿನಿಯೋಗಿಸಬೇಕೆಂಬುದು ಸುಶ್ರುತ, ವಾಗ್ಭಟರಿಬ್ಬರ ಮತ. ಹಣೆಯಲ್ಲಿ ಬೆವರು ಮೂಡಿ, ಉಸಿರು ಬಾಯಿಗೆ ಬಂದಾಗ ಅರ್ಧ ಮುಗಿಯಿತೆಂದು ತಿಳಿದು ನಿಲ್ಲಿಸಬೇಕು. ಇದು ಇಂದಿಗೂ ಸಲ್ಲುವ ಮಾತು. ಆದರೆ ಅದೇ ವಾಗ್ಭಟರು ಬಾಲಕರೂ ವೃದ್ಧರೂ ವ್ಯಾಯಾಮವನ್ನು ಬಿಡಬೇಕೆಂದೂ ಹೇಳಿದ್ದಾರೆ. ಅದು ಇಂದು ಸಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ 5ರಿಂದ 17 ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ ಅರುವತ್ತು ನಿಮಿಷಗಳ ಶ್ರಮ ಬೇಕು, ಅದರಲ್ಲೂ ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವಂಥದು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ, ಜೊತೆಗೆ ಎರಡು ದಿನ ಬಲವರ್ಧನೆ. ಅರವತ್ತೈದು ದಾಟಿದವರಿಗೆ ಅದರ ಮೇಲೆ ವಾರಕ್ಕೆ ಮೂರು ದಿನ ಸಮತೋಲನವನ್ನೂ ಬಲವನ್ನೂ ಕಾಯುವ ಅಭ್ಯಾಸ. ಹಿರಿಯರು ಹೇಳಿದ್ದೆಲ್ಲವೂ ಸರಿಯೆಂದು ಕಣ್ಣಿಗೊತ್ತಿಕೊಳ್ಳುವುದು ನನ್ನ ಸ್ವಭಾವವಲ್ಲ; ಹಾಗೆಂದು ಹಳೆಯದೆಂಬ ಕಾರಣಕ್ಕೆ ಎಸೆಯುವವಳೂ ಅಲ್ಲ.

ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತೆಂದೆ. ಆದರೆ ನಮ್ಮದೇ ನಾಡಿನಲ್ಲಿ ಈ ವಿದ್ಯೆಯ ಇನ್ನೊಂದು ಕವಲು ತೆರೆದುಕೊಂಡ ಬಗೆ ಸ್ವಾರಸ್ಯಕರವಾಗಿದೆ. 1896ರಲ್ಲಿಯೇ ಬೆಂಗಳೂರಿನಲ್ಲಿ "ವ್ಯಾಯಾಮ ದೀಪಿಕಾ" ಎಂಬ ಪುಸ್ತಕ ಅಚ್ಚಾಗಿತ್ತು. ದೇಶೀಯ ಅಂಗಸಾಧನೆಯ ಕ್ರಮಗಳು ಅದರಲ್ಲಿದ್ದವು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1933ರಲ್ಲಿ, ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರು ಅಲ್ಲಿನ ಆಚಾರ್ಯರು. 1934ರ ಅವರ "ಯೋಗ ಮಕರಂದ" ಮೊದಲು ಬರೆಯಲ್ಪಟ್ಟದ್ದು ಕನ್ನಡದಲ್ಲಿ. ಅರಮನೆಯ ಅಂಗಸಾಧನೆಯ ದಂಡಗಳೂ ಅವರ ಆಸನಕ್ರಮವೂ ಒಂದರೊಡನೊಂದು ಬೆರೆತವೆಂದು 1996ರಲ್ಲಿ ಮೈಸೂರು ಅರಮನೆಯ ಯೋಗಪರಂಪರೆಯ ಬಗ್ಗೆ ಪುಸ್ತಕ ಬರೆದ ನಾರ್ಮನ್ ಸ್ಯೋಮನ್ ವಾದಿಸಿದ್ದಾರೆ. ಇದನ್ನು ಒಪ್ಪದ ಯೋಗಾಭ್ಯಾಸಿಗಳು ಇದ್ದಾರೆ. ದಂಡವನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ನೋಡಿದ ನನ್ನಂಥವಳಿಗೆ ಅವು ಅಕ್ಕತಂಗಿಯರಂತೆ ಕಾಣುತ್ತವೆ.

ನನ್ನ ಗಮನ ಸೆಳೆಯುವುದು ಬೇರೊಂದು ಸಂಗತಿ. 1938ರಲ್ಲಿ ತೆಗೆದ ಒಂದು ಹಳೆಯ ಮೂಕಚಿತ್ರವಿದೆ. ಅದರಲ್ಲಿ ಕೃಷ್ಣಮಾಚಾರ್ಯರು ಮತ್ತು ಅವರ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಮಾತ್ರವಲ್ಲ, ಆಚಾರ್ಯರ ಪತ್ನಿ ನಾಮಗಿರಿಯಮ್ಮನವರೂ ಆಸನಗಳನ್ನು ಮಾಡಿ ತೋರಿಸುತ್ತಾರೆ. ಸಂಪ್ರದಾಯಸ್ಥ ಮನೆತನದ ಗೃಹಿಣಿ, ಆ ಕಾಲದಲ್ಲಿ! ಅದೇ ಸುಮಾರಿಗೆ ಇಂದ್ರಾದೇವಿ ಎಂದು ಹೆಸರಾದ ವಿದೇಶಿ ಮಹಿಳೆಯೊಬ್ಬರು ಮೈಸೂರಿಗೆ ಬಂದರು. ಆಚಾರ್ಯರು ಮೊದಲು ಒಲ್ಲೆನೆಂದರು, ಮಹಾರಾಜರ ಮಾತಿನ ಮೇಲೆ ಒಪ್ಪಿ ಕಲಿಸಿದರು. ಇತ್ತ ಸಾತಾರಾ ಕಡೆಯ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿಗಳು ಸೂರ್ಯನಮಸ್ಕಾರವನ್ನು ತಮ್ಮ ಶಾಲೆಗಳಲ್ಲಿ ಹುಡುಗ ಹುಡುಗಿಯರಿಬ್ಬರಿಗೂ ಕಲಿಸಿದರು. ನಮ್ಮ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಇದ್ದರು. ನಾನು ಅವರನ್ನು ಬಹುಕಾಲ "ಶಾಂತಲಾ", "ರೂಪದರ್ಶಿ" ಕಾದಂಬರಿಗಳ ಕರ್ತೃವೆಂದಷ್ಟೇ ಬಲ್ಲೆ. ಅವರು ನಾಡಿನ ಹೆಸರಾಂತ ಅಂಗಸಾಧಕರೆಂದೂ, ವ್ಯಾಯಾಮಶಾಲೆ ನಡೆಸಿ, ಅಂಚೆಯ ಮೂಲಕವೂ ಪಾಠ ಕಳುಹಿಸುತ್ತಿದ್ದರೆಂದೂ, 1937ರಲ್ಲಿ ಸೂರ್ಯನಮಸ್ಕಾರದ ಮೇಲೆಯೇ ಒಂದು ಪುಸ್ತಕ ಬರೆದರೆಂದೂ ತಿಳಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಭಾರ ಎತ್ತುವುದಕ್ಕೂ ನಮಸ್ಕಾರಕ್ಕೂ ಅವರು ವಿರೋಧ ಕಾಣಲಿಲ್ಲ. ಇಂದು ಜಿಮ್ ಮತ್ತು ಯೋಗವೆಂದು ಎರಡು ಪಕ್ಷ ಕಟ್ಟಿಕೊಂಡು ಜಗಳವಾಡುವವರು ಅವರ ಜೀವನವನ್ನು ಓದಬೇಕು.

ಇಷ್ಟೆಲ್ಲ ಇದ್ದೂ ನನ್ನ ಪೀಳಿಗೆಯ ಹೆಣ್ಣುಮಕ್ಕಳಿಗೆ ಏನು ತಲುಪಿತು? ಕುಂಟೆಬಿಲ್ಲೆ ಮತ್ತು ಹಗ್ಗದಾಟ, ಅದೂ ಮೈನೆರೆಯುವವರೆಗೆ. ಅನಂತರ "ಇನ್ನು ಕುಣಿದಾಟ ಸಾಕು" ಎಂಬ ಅಮ್ಮನ ಮಾತು. ಕುಪ್ಪಳಿಸುವ ಆಟವೇ ಮೂಳೆಗೆ ಒಳ್ಳೆಯದೆಂದು, ಹುಡುಗಿಯರಲ್ಲಿ ಆಯುಷ್ಯದ ಗರಿಷ್ಠ ಮೂಳೆಸಾಂದ್ರತೆಯ ಶೇಕಡಾ 90ರಷ್ಟು ಹದಿನೆಂಟರೊಳಗೆ ಕೂಡಿಬರುತ್ತದೆಂದು ವೈದ್ಯರು ಈಗ ಹೇಳುತ್ತಾರೆ. ಮುಟ್ಟು ನಿಂತ ಮೇಲೆ ಆ ಗಂಟು ಕರಗುತ್ತಾ ಹೋಗುತ್ತದೆ. ಹದಿಮೂರನೆಯ ವಯಸ್ಸಿನಲ್ಲಿ ಆಟ ನಿಲ್ಲಿಸುವುದೆಂದರೆ ಗಂಟು ಕೂಡುವ ಕಾಲದಲ್ಲೇ ಪೆಟ್ಟಿಗೆಗೆ ಬೀಗ ಹಾಕಿದಂತೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬೇರೆಯವರ ಮೇಲೆ ಹೊರಿಸಿ ಬರೆಯುವುದು ಸುಲಭ, ಆದರೆ ಅದು ಪ್ರಾಮಾಣಿಕವಲ್ಲ.

ನಾನು ಗಣಿತದ ಶಿಕ್ಷಕಿ. ವೇಳಾಪಟ್ಟಿಯಲ್ಲಿ ದೈಹಿಕ ಶಿಕ್ಷಣಕ್ಕೆ ವಾರಕ್ಕೆ ಎರಡು ಅವಧಿಗಳಿದ್ದವು. ದೀಪಾವಳಿ ಕಳೆಯಿತೆಂದರೆ ಹತ್ತನೆಯ ತರಗತಿಯ ಆ ಎರಡೂ ಅವಧಿಗಳು ನನ್ನವು. ಪಾಠ ಮುಗಿಯಬೇಕು, ಪುನರಾವರ್ತನೆಯಾಗಬೇಕು, ಫಲಿತಾಂಶ ಬರಬೇಕು. ನಮ್ಮ ದೈಹಿಕ ಶಿಕ್ಷಕರು ಸೌಮ್ಯ ಸ್ವಭಾವದವರು. ನಾನು ಶಿಕ್ಷಕರ ಕೊಠಡಿಯಲ್ಲಿ ಬಾಯಿ ತೆರೆಯುವ ಮೊದಲೇ ಸೀಟಿಯನ್ನು ಜೇಬಿಗೆ ಹಾಕಿಕೊಂಡು "ತಗೊಳ್ಳಿ ಮೇಡಂ" ಎನ್ನುತ್ತಿದ್ದರು. ಅವರ ಮುಖ ಒಂದಿಷ್ಟು ಚಿಕ್ಕದಾಗುತ್ತಿತ್ತು. ಆಗ ಅದನ್ನು ನೋಡಿಯೂ ನೋಡದವಳಂತೆ ಇದ್ದೆ. ವರ್ಷಕ್ಕೆ ಹದಿನೈದು ವಾರ, ವಾರಕ್ಕೆರಡರಂತೆ 30 ಅವಧಿ. ಮೂವತ್ತನಾಲ್ಕು ವರ್ಷಕ್ಕೆ 1020. ಸಾವಿರಕ್ಕೂ ಮಿಕ್ಕಿದ ಅವಧಿಗಳನ್ನು ನಾನು ಮಕ್ಕಳ ಮೈಯಿಂದ ಕಿತ್ತುಕೊಂಡು ಮಂಡಿಗೆ ಕಪ್ಪು ಹಲಗೆ ಹಿಡಿದಿದ್ದೆ. ಬಿ.ಎಡ್. ಪರೀಕ್ಷೆಯಲ್ಲಿ ವಿದ್ಯಾರ್ಥಿಯ ಸರ್ವಾಂಗೀಣ ಬೆಳವಣಿಗೆಯ ಬಗ್ಗೆ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ಪಡೆದವಳೂ ನಾನೇ.

ನಾನು ಬಿಟ್ಟುಕೊಟ್ಟ ತಿಂಗಳುಗಳಲ್ಲಾದರೂ ಏನು ನಡೆಯುತ್ತಿತ್ತು? ಹುಡುಗರಿಗೆ ಒಂದು ಚೆಂಡು. ಹುಡುಗಿಯರು ಬೇವಿನ ಮರದಡಿ ಕುಳಿತು ವಿಜ್ಞಾನದ ನೋಟ್ಸ್ ನಕಲು ಮಾಡುತ್ತಿದ್ದರು. ನಮ್ಮೂರಿನ ಗರಡಿಯ ಹೊಸ್ತಿಲು ಬೆಂಗಳೂರಿನ ಶಾಲೆಯ ಅಂಗಳಕ್ಕೂ ಬಂದು ಕುಳಿತಿತ್ತು; ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಚುಚ್ಚುವುದು ಬಸ್ಕಿ. ಮನೆಲೆಕ್ಕ ಮಾಡದೆ ಬಂದವರಿಗೆ ಕಿವಿ ಹಿಡಿದುಕೊಂಡು ಐವತ್ತು ಬಸ್ಕಿ ಹೊಡೆಯುವ ಶಿಕ್ಷೆ ಕೊಡುತ್ತಿದ್ದೆವು. ಆಗ ಅದು ಎಲ್ಲ ಶಾಲೆಗಳಲ್ಲೂ ರೂಢಿಯಲ್ಲಿತ್ತು. ಬೆತ್ತಕ್ಕಿಂತ ಮೇಲೆಂದು ನಮ್ಮನ್ನು ನಾವೇ ಮೆಚ್ಚಿಕೊಳ್ಳುತ್ತಿದ್ದೆವು. ಉಸ್ತಾದರು ಹತ್ತರಿಂದ ಆರಂಭಿಸಿ ವರ್ಷಗಟ್ಟಲೆ ಕಟ್ಟಿಕೊಟ್ಟದ್ದನ್ನು ನಾವು ಒಂದೇ ಏಟಿಗೆ ಐವತ್ತು ಮಾಡಿಸಿ, ಅದಕ್ಕೆ ಅವಮಾನವನ್ನೂ ಬೆರೆಸಿ ಕೊಟ್ಟೆವು. ಮೈ ದಂಡಿಸುವುದೆಂದರೆ ತಪ್ಪು ಮಾಡಿದವರ ಪಾಲು ಎಂದು ಎಳೆಯ ಮನಸ್ಸು ಕಲಿತರೆ ಮುಂದೆ ಅದು ತಾನಾಗಿ ಯಾವಾಗ ಬಸ್ಕಿ ಹೊಡೆದೀತು?

ಕಳೆದ ಬೇಸಿಗೆಯಲ್ಲಿ ವಿಜಯನಗರದ ಒಂದು ಉದ್ಯಾನದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಈಗ ಅವಳಿಗೆ ನಲವತ್ತೈದು. ಒಳ್ಳೆಯ ನೌಕರಿಯಲ್ಲಿದ್ದಾಳೆ. ಎರಡೂ ಮಂಡಿಗಳು ನೋಯುತ್ತವೆಂದು ವೈದ್ಯರು ನಡೆಯಲು ಹೇಳಿದ್ದಾರಂತೆ. ಮಾತಿನ ನಡುವೆ, "ಮಿಸ್, ಪೈಥಾಗೊರಸ್ ಪ್ರಮೇಯ ನೀವು ಹೇಳ್ಕೊಟ್ಟಿದ್ದು ಪಿ.ಟಿ. ಪೀರಿಯಡ್‌ನಲ್ಲೇ ಅಲ್ವಾ? ಇವತ್ತಿಗೂ ಮರ್ತಿಲ್ಲ ನೋಡಿ" ಎಂದು ನಕ್ಕಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ಕೃತಜ್ಞತೆಯೇ ಇತ್ತು. ಆ ದಿನ ಮನೆಗೆ ಬಂದವಳಿಗೆ ಊಟ ಸೇರಲಿಲ್ಲ. ಅವಳ ಮಂಡಿನೋವಿಗೆ ನಾನೇ ಕಾರಣಳೆಂದು ಹೇಳುವಷ್ಟು ಭಾವುಕಳಲ್ಲ. ಆದರೆ ಅವಳ ಬಳಿ ಇರಬಹುದಾಗಿದ್ದ ಒಂದು ಅಭ್ಯಾಸ ಇಲ್ಲದಿರುವುದಕ್ಕೆ ನನ್ನ ಪಾಲೂ ಇದೆ.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳಿಬಿಡುತ್ತೇನೆ. ನಮ್ಮ ಪರಂಪರೆಯಿಂದ ಎತ್ತಿಕೊಳ್ಳಬೇಕಾದದ್ದು ಒನಕೆಯನ್ನಲ್ಲ, ಗರಡಿಯ ಕ್ರಮವನ್ನು. ಅದನ್ನು ಕೊಡಬೇಕಾದ ಸ್ಥಳ ಶಾಲೆ. ಕೊಡಬೇಕಾದದ್ದು ಮೊದಲು ಹೆಣ್ಣುಮಕ್ಕಳಿಗೆ, ಏಕೆಂದರೆ ಅವರಿಗೆ ಅದು ಎಂದೂ ಸಿಗಲಿಲ್ಲ. ಜಗತ್ತಿನಲ್ಲೆಲ್ಲ ಇದೇ ಕಥೆ: 2016ರ ಅಂಕಿಅಂಶಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶಾಲೆಗೆ ಹೋಗುವ ಹದಿಹರೆಯದ ಹುಡುಗರಲ್ಲಿ ಶೇಕಡಾ 78, ಹುಡುಗಿಯರಲ್ಲಿ ಶೇಕಡಾ 85 ಮಂದಿಗೆ ಸಾಕಷ್ಟು ಶ್ರಮವಿಲ್ಲವೆಂದು ತಿಳಿದುಬಂತು.

ಮೈದಾನವೆಲ್ಲಿದೆ ಎಂದು ಕೇಳುವವರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದಿದೆ. ನಮ್ಮ ಕಡೆ ನಲವತ್ತು ಅರುವತ್ತರ ನಿವೇಶನದಲ್ಲಿ ನಾಲ್ಕು ಮಹಡಿ ಎಬ್ಬಿಸಿ ನಡೆಯುತ್ತಿರುವ ಶಾಲೆಗಳನ್ನು ನೋಡಿದರೆ ಆ ಅನುಸೂಚಿಯನ್ನು ಯಾರು ಓದಿದ್ದಾರೋ ತಿಳಿಯದು. ಮೈದಾನಕ್ಕಾಗಿ ಹೋರಾಡಬೇಕು, ಸಂದೇಹವಿಲ್ಲ. ಆದರೆ ಗರಡಿಗೆ ಮೈದಾನ ಬೇಕಿರಲಿಲ್ಲ. ನಮ್ಮೂರಿನ ಗರಡಿ ಒಂದು ತರಗತಿ ಕೋಣೆಗಿಂತ ದೊಡ್ಡದಾಗಿರಲಿಲ್ಲ. ಒಂದು ಚಾಪೆಯಷ್ಟು ಜಾಗದಲ್ಲಿ ಸೂರ್ಯನಮಸ್ಕಾರ ಮಾಡಬಹುದು, ಅದರರ್ಧದಲ್ಲಿ ಬಸ್ಕಿ ಹೊಡೆಯಬಹುದು, ಮಹಡಿಯ ಮೇಲೆ ಹಗ್ಗ ಜಿಗಿಯಬಹುದು. ಬೇಕಾದದ್ದು ದಿನಕ್ಕೆ ಇಪ್ಪತ್ತು ನಿಮಿಷ, ಪ್ರತಿ ಮಗುವಿನ ಹೆಸರಿನ ಮುಂದೆ ಎಣಿಕೆ ಬರೆದಿಡುವ ಒಬ್ಬ ಗುರು, ಮತ್ತು ಗಣಿತದ ಶಿಕ್ಷಕಿಯ ಕೈಗೆ ಸಿಗದ ಒಂದು ಅವಧಿ. 2015ರಿಂದ ಪ್ರತಿವರ್ಷ ಜೂನ್ 21ರಂದು ಯೋಗ ದಿನದ ಸಾಮೂಹಿಕ ಪ್ರದರ್ಶನಗಳು ನಡೆಯುತ್ತಿವೆ. ಒಳ್ಳೆಯದೇ. ಜೂನ್ 22ರ ಬೆಳಿಗ್ಗೆ ಆ ಚಾಪೆಗಳು ಎಲ್ಲಿರುತ್ತವೆಂಬುದು ನನ್ನ ಪ್ರಶ್ನೆ.

ನಮ್ಮ ಓರಗೆಯವರಿಗೂ ಒಂದು ಮಾತು. ಜ್ಞಾನಭಾರತಿಯ ಮರಗಳ ನೆರಳಲ್ಲಿ, ಬಡಾವಣೆಯ ಉದ್ಯಾನಗಳಲ್ಲಿ ನಿತ್ಯ ನಡೆಯುವವರನ್ನು ಕಂಡು ಸಂತೋಷಪಡುತ್ತೇನೆ. ನಾನೂ ಹತ್ತು ವರ್ಷ ನಡೆದವಳೇ. ಆದರೆ ಹತ್ತು ವರ್ಷ ನಡೆದ ಕಾಲುಗಳೇ ಕೆಂಗೇರಿಯಲ್ಲಿ ಕೈಕೊಟ್ಟವು. ನಡಿಗೆ ಹೃದಯಕ್ಕೆ ಹಿತ, ಆದರೆ ಅದೊಂದರಿಂದಲೇ ತೊಡೆಗೆ ಏಳುವ ಬಲ ಬಾರದು. ಪಾಲಿಕೆಯವರು ಉದ್ಯಾನಗಳಲ್ಲಿ ನಿಲ್ಲಿಸಿರುವ ಕಬ್ಬಿಣದ ಯಂತ್ರಗಳ ಮೇಲೆ ತೂಗಾಡುತ್ತಾ ಮಾತಾಡುವುದೂ ಅಷ್ಟೆ, ಮಾತಿಗೆ ಒಳ್ಳೆಯದು. ಇನ್ನು ಜಿಮ್‌ಗಳನ್ನು ಹಳಿಯುವವಳು ನಾನಲ್ಲ. ಗರಡಿಯ ತಗ್ಗು ಬಾಗಿಲು ನನಗೆ ತೆರೆಯಲಿಲ್ಲ. ರಾಜಾಜಿನಗರದ ಜಿಮ್‌ಗಳ ಗಾಜಿನ ಬಾಗಿಲು ನನ್ನ ಸೊಸೆಗೆ ತೆರೆದಿದೆ. ಮೈಸೂರು ದಸರೆಯ ಕುಸ್ತಿಯಲ್ಲಿಯೂ ಈಗ ಹೆಣ್ಣುಮಕ್ಕಳು ಅಖಾಡಕ್ಕಿಳಿದು "ದಸರಾ ಕಿಶೋರಿ" ಪ್ರಶಸ್ತಿಗಾಗಿ ಸೆಣಸುತ್ತಾರೆ. ನಮ್ಮ ಉಸ್ತಾದರು ಇದ್ದಿದ್ದರೆ ಏನನ್ನುತ್ತಿದ್ದರೋ! ಮದುವೆಗೆ ಮೂರು ತಿಂಗಳ ಮುಂಚೆ ಜಿಮ್ ಸೇರಿ, ಪುಡಿ ಕಲಸಿ ಕುಡಿದು, ಮದುವೆಯ ಮರುವಾರ ಬಿಟ್ಟುಬಿಡುವವರನ್ನು ಕಂಡಾಗ ಮಾತ್ರ ಹದಿನೈದು ದಂಡದ ಗೌಡರು ನೆನಪಾಗುತ್ತಾರೆ. ಮತ್ತೊಂದು ಎಚ್ಚರಿಕೆ: ಮಂಡಿ ಸವೆದವರು, ಮೂಳೆ ಟೊಳ್ಳಾದವರು ಈ ಲೇಖನ ಓದಿ ನಾಳೆಯೇ ನೆಲದ ಮೇಲೆ ಬಸ್ಕಿ ಆರಂಭಿಸಬಾರದು. ಮೊದಲು ವೈದ್ಯರನ್ನು ಕಾಣಿ. ಹೊತ್ತುಗಟ್ಟಲೆ ಕುಕ್ಕರುಗಾಲಲ್ಲಿ ಕೂರುವುದು ಸವೆದ ಮಂಡಿಗೆ ಒಳ್ಳೆಯದಲ್ಲ.

ನಾನು ಆರಂಭಿಸಿದ್ದು ಕುರ್ಚಿಯಿಂದ. ಫಿಸಿಯೋಥೆರಪಿ ಮಾಡುವ ಹುಡುಗಿ ಹೇಳಿಕೊಟ್ಟಂತೆ, ಕೈ ಊರದೆ ಕುರ್ಚಿಯಿಂದ ಎಂಟು ಬಾರಿ ಏಳುವುದು. ದಂಡವನ್ನು ಗೋಡೆಗೆ ಕೈಯಿಟ್ಟು ಮಾಡಿದೆ, ಎರಡು ತಿಂಗಳ ಮೇಲೆ ಅಡುಗೆ ಕಟ್ಟೆಗೆ ಇಳಿದೆ, ಆಮೇಲೆ ಮಂಚದ ಅಂಚಿಗೆ. ವಾರಕ್ಕೊಂದು ಹೆಚ್ಚಿಸುತ್ತೇನೆ, ನೆಗಡಿಯಾದರೆ ಮತ್ತೆ ಹಿಂದಕ್ಕೆ ಹೋಗುತ್ತೇನೆ. ಎಂಟು ತಿಂಗಳಾದವು. ಮೊನ್ನೆ ಅಂಕ ಹಾಕಿಕೊಂಡೆ: ಕೂರಲು ನಾಲ್ಕು, ಏಳಲು ಮೂರು, ಒಟ್ಟು ಏಳು. ಮನೆಯಲ್ಲಿ ರಾತ್ರಿಯ ಊಟ ಮತ್ತೆ ಚಾಪೆಯ ಮೇಲೆ ನಡೆಯುತ್ತಿದೆ; ಯಜಮಾನರು ಮಾತ್ರ ಮೇಜನ್ನು ಬಿಟ್ಟಿಲ್ಲ.

ಸಂಜೆ ಮಹಡಿಯ ಮೇಲೆ ನನ್ನ ಎಣಿಕೆಯನ್ನು ನೋಡಿಕೊಳ್ಳುವವಳು ಪಕ್ಕದ ಮನೆಯ ಎಂಟನೆಯ ತರಗತಿಯ ಹುಡುಗಿ. ಅವಳು ಹಗ್ಗ ಜಿಗಿಯುತ್ತಾಳೆ, ನಾನು ಕುರ್ಚಿಯಲ್ಲಿ ಕುಳಿತು ಏಳುತ್ತೇನೆ. ನಾನು ಎಣಿಕೆ ತಪ್ಪಿದರೆ "ಮೊದಲಿಂದ ಅಜ್ಜಿ" ಎನ್ನುತ್ತಾಳೆ. ಕಳೆದ ವಾರ ಅವಳ ತಾಯಿ ಬಂದು, ಪರೀಕ್ಷೆ ಹತ್ತಿರವಾಯಿತು, ಆ ಹೊತ್ತಿಗೆ ಗಣಿತದ ಟ್ಯೂಷನ್ ಇಟ್ಟಿದ್ದೇವೆ, ಇನ್ನು ಕಳಿಸಲಾಗುವುದಿಲ್ಲ ಎಂದು ತುಂಬ ಸಂಕೋಚದಿಂದಲೇ ಹೇಳಿದರು. ಗಣಿತ ನಾನು ಹೇಳಿಕೊಡುತ್ತೇನೆ, ಹಗ್ಗದಾಟ ಮುಗಿದ ಮೇಲೆ, ದುಡ್ಡು ಬೇಡ ಎಂದೆ. ಯೋಚಿಸಿ ಹೇಳುತ್ತೇನೆ ಎಂದು ಹೋಗಿದ್ದಾರೆ. ಇನ್ನೂ ಉತ್ತರ ಬಂದಿಲ್ಲ.